ಒತ್ತಡ ಇರುವುದು ತಲೆಯಲ್ಲೋ, ಕೆಲಸದಲ್ಲೋ?

ಕೇಳುಗರಿಗೆ ನಮಸ್ಕಾರ.

ಆಫೀಸಿನಲ್ಲಿ ಟೆನ್ಷನ್ ಎಂದು ಹೇಳಿ ನೋಡಿ. ಯೋಗ ಮಾಡಿ, ಸುಮ್ನೆ ತಲೆಗೆ ಹಚ್ಚಿಕೊಳ್ಳಬೇಡಿ ಎನ್ನುತ್ತಾರೆ. ಅಂದರೆ ತಪ್ಪು ನಮ್ಮದೇ, ಅಲ್ವಾ? ಸಂಶೋಧಕರು ಈ ಮಾತನ್ನು ದಾಟಿ ಬಹಳ ಮುಂದೆ ಹೋಗಿದ್ದಾರೆ.

1967ರಲ್ಲಿ ಲಂಡನ್ನಿನ ಸರ್ಕಾರಿ ನೌಕರರ ಮೇಲೆ ಒಂದು ಅಧ್ಯಯನ ಶುರುವಾಯಿತು. ವರ್ಷಗಟ್ಟಲೆ ಅವರ ಆರೋಗ್ಯ ಗಮನಿಸಿದರು. ಹೃದಯದ ಕಾಯಿಲೆ ದೊಡ್ಡ ಸಾಹೇಬರಿಗೇ ಜಾಸ್ತಿ ಎಂದು ಆಗ ಜನ ನಂಬಿದ್ದರು. ಲೆಕ್ಕ ಉಲ್ಟಾ ಬಂತು. ಅದರಿಂದ ಸಾಯುತ್ತಿದ್ದವರಲ್ಲಿ ಕೆಳಗಿನ ದರ್ಜೆಯವರೇ ಹೆಚ್ಚು. ಸಿಗರೇಟು, ರಕ್ತದೊತ್ತಡ ಎಲ್ಲ ಲೆಕ್ಕಕ್ಕೆ ಹಿಡಿದರೂ ವ್ಯತ್ಯಾಸ ಪೂರ್ತಿ ಹೋಗಲಿಲ್ಲ.

ಏಕೆ? 1979ರಲ್ಲಿ ಅಮೆರಿಕದ ಸಂಶೋಧಕ ರಾಬರ್ಟ್ ಕರಾಸೆಕ್ ಕೊಟ್ಟ ವಿವರಣೆ ಇಲ್ಲಿ ನೆರವಿಗೆ ಬರುತ್ತದೆ. ಕೆಲಸ ಜಾಸ್ತಿ, ಆದರೆ ಅದನ್ನು ಹೇಗೆ ಮಾಡಬೇಕೆಂಬಲ್ಲಿ ನಮ್ಮ ಮಾತು ನಡೆಯುವುದಿಲ್ಲ. ಈ ಎರಡೂ ಸೇರಿದಾಗಲೇ ಮನುಷ್ಯ ಕುಸಿಯುತ್ತಾನೆ ಎಂದರು ಅವರು.

ನಮ್ಮೂರ ಬ್ಯಾಂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಕರಾವಳಿಯಲ್ಲೇ ಹುಟ್ಟಿದ ವಿಜಯಾ ಬ್ಯಾಂಕ್ 2019ರಲ್ಲಿ, ಕಾರ್ಪೊರೇಶನ್ ಮತ್ತು ಸಿಂಡಿಕೇಟ್ 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಯೂನಿಯನ್‌ಗಳು ಮುಷ್ಕರ ಹೂಡಿದವು. ವಿಲೀನ ನಿಲ್ಲಲಿಲ್ಲ.

1996ರಲ್ಲಿ ಜರ್ಮನಿಯ ಸಂಶೋಧಕ ಯೋಹಾನೆಸ್ ಸೀಗ್ರಿಸ್ಟ್ ಇನ್ನೊಂದು ಅಳತೆಗೋಲು ತಂದರು. ಹಾಕಿದ ಶ್ರಮಕ್ಕೆ ತಕ್ಕಂತೆ ದುಡ್ಡು, ಮರ್ಯಾದೆ, ಕೆಲಸದ ಭದ್ರತೆ ಸಿಗದಿದ್ದರೆ ದೇಹವೇ ಸೋಲುತ್ತದೆ ಎಂದರು. ನನಗಂತೂ ತಕ್ಷಣ ನೆನಪಾಗುವುದು ನಮ್ಮ ಬೀಡಿ ಕಟ್ಟುವ ಹೆಂಗಸರು. ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ. ಬೀಡಿ ಕೊಳ್ಳುವ ಬ್ರಾಂಚಿಗೆ ಒಯ್ದಾಗ ಸರಿಯಿಲ್ಲವೆಂದು ಒಂದಷ್ಟು ಬದಿಗಿಟ್ಟರೆ ಆ ದುಡಿಮೆ ನೀರುಪಾಲು.

ಈಚಿನ ಸುದ್ದಿ ಎರಡು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬರ್ನೌಟನ್ನು, ಅಂದರೆ ಕೆಲಸದ ಒತ್ತಡದಲ್ಲಿ ಪೂರ್ತಿ ಬಸವಳಿದು ಹೋಗುವುದನ್ನು, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದು ವಿವರಿಸಿತು. ರೋಗ ಎನ್ನಲಿಲ್ಲ, ಗಮನಿಸಿ. 2021ರಲ್ಲಿ ಅದೇ ಸಂಸ್ಥೆ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಜೊತೆ ಸೇರಿ ಒಂದು ಅಂದಾಜು ಕೊಟ್ಟಿತು. ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿದದ್ದರಿಂದ ಬಂದ ಪಾರ್ಶ್ವವಾಯು ಮತ್ತು ಹೃದ್ರೋಗಕ್ಕೆ 2016ರಲ್ಲಿ ಜಗತ್ತಿನಾದ್ಯಂತ ಸತ್ತವರು 7,45,000 ಜನ.

ಆದರೆ ಬೀಡಿ ಕಟ್ಟುವವರ ಗಂಟೆ ಎಣಿಸುವುದು ಹೇಗೆ? ಅನ್ನಕ್ಕಿಟ್ಟು ನಾಲ್ಕು ಬೀಡಿ, ಮಗುವನ್ನು ಮಲಗಿಸಿ ನಾಲ್ಕು ಬೀಡಿ. ಹಾಜರಿ ಪುಸ್ತಕವಿಲ್ಲ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಯಾರಾದರೂ ಈ ವಿಷಯದಲ್ಲಿ ಪಿಎಚ್‌ಡಿಗೆ ಹೊರಟಿದ್ದರೆ, ಆನ್‌ಲೈನ್ ಫಾರ್ಮ್ ಕಳಿಸಿ ಕೂರಬೇಡಿ. ಬ್ರಾಂಚಿನ ಜಗಲಿಯಲ್ಲಿ ಒಂದು ದಿನ ಕುಳಿತು ಅವರನ್ನೇ ಕೇಳಿ.

ನಮಸ್ಕಾರ.