ಬಿಯಾವೊವಿಯೆಝಾ: ಬಿದ್ದ ಮರವನ್ನು ಎತ್ತದ ಕಾಡು

ಕೇಳುಗರೆಲ್ಲರಿಗೂ ನಮಸ್ಕಾರ.

ಪೋಲೆಂಡಿನ ಪೂರ್ವದಂಚಿನಲ್ಲಿ, ಬೆಲಾರೂಸಿನ ಗಡಿಗೆ ತಾಗಿಕೊಂಡಂತೆ ಬಿಯಾವೊವಿಯೆಝಾ ಎಂಬ ಹಳ್ಳಿಯಿದೆ. ಬಿಳಿ ಗೋಪುರ ಎಂದು ಆ ಹೆಸರಿನ ಅರ್ಥ. ನರೆವ್ಕಾ ಎಂಬ ಸಣ್ಣ ಹೊಳೆ, ಬೀದಿಯುದ್ದಕ್ಕೂ ಮರದ ಮನೆಗಳು, ಕ್ಯಾಥೊಲಿಕರಿಗೊಂದು ಚರ್ಚು, ಆರ್ಥೊಡಾಕ್ಸ್ ಪಂಥದವರಿಗೊಂದು. ಅಲ್ಲಿಂದಾಚೆಗೆ ಕಾಡೇ ಕಾಡು. ಯುರೋಪಿನ ಬಯಲನ್ನೆಲ್ಲ ಒಂದು ಕಾಲಕ್ಕೆ ಹೊದ್ದಿದ್ದ ಅರಣ್ಯದಲ್ಲಿ ಕೊಡಲಿಗೆ ಸಿಗದೆ ಉಳಿದ ಚೂರು ಅದು.

ಉಳಿಸಿದ್ದು ರಾಜರ ಬೇಟೆಯ ಹುಚ್ಚು ಅಂದರೆ ನಂಬಬೇಕು. ಬೇಟೆಗೆ ಪ್ರಾಣಿ ಬೇಕು, ಪ್ರಾಣಿಗೆ ಕಾಡು ಬೇಕು. ಹಾಗಾಗಿ ಕಾವಲು ಹಾಕಿದರು. ಊರಿನ ಕೊಳದ ಬಳಿ ಮರಳುಗಲ್ಲಿನ ಒಂದು ಕಂಬ ಇವತ್ತಿಗೂ ನಿಂತಿದೆ. 1752ರಲ್ಲಿ ಪೋಲೆಂಡಿನ ದೊರೆ ಮೂರನೆಯ ಆಗಸ್ಟಸ್‌ನ ಬೇಟೆಯಲ್ಲಿ 42 ಬೈಸನ್‌ಗಳು ಸತ್ತವೆಂದು ಅದರ ಮೇಲೆ ಹೆಮ್ಮೆಯಿಂದ ಕೆತ್ತಿಸಿದ್ದಾರೆ. ಬೈಸನ್ ಅಂದರೆ ನಮ್ಮ ಕಾಟಿಯ ದೂರದ ನೆಂಟ. ಮೈಮೇಲೆ ದಟ್ಟ ಉಣ್ಣೆ, ಗದ್ದಕ್ಕೆ ಗಡ್ಡ. ಆ ಕಂಬದ ಲೆಕ್ಕ ಓದುವಾಗ ನನಗೆ ಹೊಟ್ಟೆಯೊಳಗೆ ಸಂಕಟವಾಗುತ್ತದೆ.

ಆಮೇಲೆ ಈ ಸೀಮೆ ರಷ್ಯದ ವಶವಾಗಿ, ಅಲ್ಲಿನ ಚಕ್ರವರ್ತಿ ತ್ಸಾರ್ ಇಲ್ಲಿ ಅರಮನೆ ಕಟ್ಟಿಸಿದ. 1944ರಲ್ಲಿ ಅದು ಸುಟ್ಟುಹೋಯಿತು; ಈಗ ಹೆಬ್ಬಾಗಿಲು ಮಾತ್ರ ಇದೆ. ಮೊದಲ ಮಹಾಯುದ್ಧ ಇನ್ನೂ ದೊಡ್ಡ ಪೆಟ್ಟು ಕೊಟ್ಟಿತ್ತು. ಹಸಿದ ಸೈನಿಕರು, ಕಳ್ಳಬೇಟೆಗಾರರು ಸೇರಿ 1919ರ ಹೊತ್ತಿಗೆ ಅಲ್ಲಿನ ಬೈಸನ್ ಸಂತತಿಯನ್ನೇ ಮುಗಿಸಿದರು. ಮೃಗಾಲಯಗಳಲ್ಲಿ ಬದುಕಿದ್ದವುಗಳನ್ನು ಹುಡುಕಿ, 1929ರಲ್ಲಿ ಮತ್ತೆ ತಂದು, ಬೇಲಿಯೊಳಗೆ ಸಾಕಿ, 1952ರಲ್ಲಿ ಕಾಡಿಗೆ ಬಿಟ್ಟರು. ಇಂದು ಜಗತ್ತಿನಲ್ಲಿರುವ ಯುರೋಪಿಯನ್ ಬೈಸನ್‌ಗಳೆಲ್ಲ ಬರೀ 12 ಪ್ರಾಣಿಗಳ ಪೀಳಿಗೆ!

ಈ ಕಾಡಿನ ನಡುಭಾಗದಲ್ಲಿ ಬಿದ್ದ ಮರವನ್ನು ಯಾರೂ ಎತ್ತುವಂತಿಲ್ಲ. ಚಳಿಗೆ ಸೌದೆ ಬೇಕಾದ ಊರಿನವರಲ್ಲಿ ಕೆಲವರು, ಒಳ್ಳೆಯ ಮರ ಕೊಳೆಯುತ್ತಿದೆಯಲ್ಲ ಎಂದು ಕೊರಗುತ್ತಾರೆ. ಅವರ ಕೊರಗು ಸುಳ್ಳಲ್ಲ. ಸೂಜಿಯೆಲೆಯ ಸ್ಪ್ರೂಸ್ ಮರಗಳಿಗೆ ತೊಗಟೆಹುಳು ಹತ್ತಿದಾಗ ಸರ್ಕಾರ ಆ ನಡುಭಾಗದ ಹೊರಗೆ ಮರ ಕಡಿಯುವುದನ್ನು ಹೆಚ್ಚಿಸಿತು. 2018ರಲ್ಲಿ ಯುರೋಪಿನ ನ್ಯಾಯಾಲಯ ಅದು ಕಾನೂನುಬಾಹಿರ ಎಂದಿತು. ಊರು ಮಾತ್ರ ಇಬ್ಭಾಗವಾಗಿತ್ತು.

ಆದರೆ ಬಿದ್ದ ಒಂದು ಮರದ ಪಕ್ಕ ಕೂತು ನೋಡಿ. ತೊಗಟೆ ಸುಲಿದ ಕಡೆ ಹಾವಸೆ, ಅದರ ಮೇಲೆ ತಟ್ಟೆಯಂಥ ಅಣಬೆ. ಒಳಗೆ ಜೀರುಂಡೆಯ ಮರಿಹುಳು. ಅದನ್ನು ಹೆಕ್ಕಲು ಬಿಳಿಬೆನ್ನಿನ ಮರಕುಟಿಗ. ಮೆತ್ತಗಾದ ದಿಮ್ಮಿಯ ಬೆನ್ನ ಮೇಲೆ ಬೆರಳುದ್ದದ ಸ್ಪ್ರೂಸ್ ಸಸಿಗಳು ಮೊಳೆಯುತ್ತವೆ. ಹತ್ತಾರು ವರ್ಷ ಕಳೆದು ದಿಮ್ಮಿ ಕರಗಿ ಮಣ್ಣಾದರೂ, ಸಸಿಗಳು ಮರವಾಗಿ ಅದು ಮಲಗಿದ್ದ ಗೆರೆಯ ಮೇಲೆಯೇ ಸಾಲಾಗಿ ನಿಂತಿರುತ್ತವೆ.

ನಮಸ್ಕಾರ.