ಬಂಡೆ ಇಳಿಜಾರಿನ ಪೊದೆಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಮಳೆ ಕಡಿಮೆ ಬೀಳುವ ಬೆಟ್ಟಗಳನ್ನು ದೂರದಿಂದ ನೋಡಿದರೆ ಕಾಣುವುದು ಕಲ್ಲು, ಕಲ್ಲಿನ ನಡುವೆ ಅಲ್ಲೊಂದು ಇಲ್ಲೊಂದು ಪೊದೆ. ಪಾಳು ಜಾಗ ಅಂದುಬಿಡುತ್ತಾರೆ ಜನ. ಈ ಮಾತು ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಆ ಪೊದೆಗಳು ಸುಮ್ನೆ ಎಲ್ಲೋ ಬಿದ್ದು ಬೆಳೆದವಲ್ಲ.

ನೀರಿನ ವಿಷಯವನ್ನೇ ನೋಡಿ. ಬೋಳು ಬಂಡೆಯ ಮೇಲೆ ಬಿದ್ದ ಮಳೆ ಜಾರಿ ಬಿರುಕಿಗೆ ಇಳಿಯುತ್ತದೆ. ಹಾಗಾಗಿ ಬಿರುಕಿನಲ್ಲಿ ಬೇರೂರಿದ ಗಿಡಕ್ಕೆ ತನ್ನ ಪಾಲಿನ ಮಳೆಯ ಜೊತೆ ಸುತ್ತಲಿನ ಬಂಡೆಯ ಪಾಲೂ ಸಿಗುತ್ತದೆ. ಆಳದ ಬಿರುಕಿಗೆ ಬಿಸಿಲು ತಾಗುವುದಿಲ್ಲ, ತೇವ ಬೇಗ ಆರುವುದಿಲ್ಲ. ಮಣ್ಣಿನ ಮೇಲೆ ಹರಡಿದ ಚೂರುಗಲ್ಲೂ ತೇವ ಕಾಯುತ್ತದೆ.

ಬೆಟ್ಟದ ಯಾವ ಮೈ ಅನ್ನುವುದೂ ಮುಖ್ಯ. ಭೂಮಿಯ ಉತ್ತರಾರ್ಧದ ಒಣ ಬೆಟ್ಟಗಳಲ್ಲಿ ದಕ್ಷಿಣದ ಇಳಿಜಾರಿಗೆ ಬಿಸಿಲು ಜಾಸ್ತಿ. ಅಲ್ಲಿ ಸಾಮಾನ್ಯವಾಗಿ ಪೊದೆಗಳು ಗಿಡ್ಡ, ವಿರಳ. ಉತ್ತರದ ಮೈಯಲ್ಲಿ ಹಸಿರು ಒತ್ತಾಗಿರುತ್ತದೆ. ದಕ್ಷಿಣಾರ್ಧದಲ್ಲಿ ಇದು ತಿರುವುಮುರುವು.

ಈಗ ಒಂದು ಪೊದೆಯ ಹತ್ತಿರ ಕೂತು, ಅದರ ಕೊಂಬೆ ಎತ್ತಿ ನೋಡಿ. ಅಡಿಯಲ್ಲಿ ಮಣ್ಣು ಕಪ್ಪಗಿದೆ, ಕೈಗೆ ತಂಪಾಗಿದೆ. ಉದುರಿದ ಎಲೆ ಅಲ್ಲೇ ಕೊಳೆತು ಗೊಬ್ಬರವಾಗಿದೆ. ಗಾಳಿ ತಂದ ಧೂಳು, ಬೀಜ ಎಲ್ಲಾ ಅಲ್ಲೇ ತಂಗಿವೆ. ಎರಡೆಲೆಯ ಪುಟ್ಟ ಸಸಿಯೂ ಅಲ್ಲಿರಬಹುದು. ಒಂದು ಮಾರು ಆಚೆ, ಬಯಲಿನಲ್ಲಿ ಮೊಳೆತಿದ್ದರೆ ಅದು ಮೊದಲ ಬೇಸಿಗೆಗೇ ಒಣಗುತ್ತಿತ್ತು. ಪೊದೆಗೆ ಮುಳ್ಳಿದ್ದರೆ ಇನ್ನೂ ಒಳ್ಳೆಯದು, ಮೇಕೆಯ ಬಾಯಿ ಸಸಿಯವರೆಗೆ ಬರುವುದಿಲ್ಲ.

ಅಮೆರಿಕದ ಒಣನಾಡಿನ ಸೇಜ್‌ಬ್ರಷ್ ಪೊದೆ ಇನ್ನೊಂದು ಕೆಲಸ ಮಾಡುತ್ತದೆ. ರಾತ್ರಿ ಹೊತ್ತು ಅದರ ಆಳದ ಬೇರು ನೀರು ಎಳೆಯುತ್ತದೆ, ಮೇಲಿನ ಬೇರುಗಳು ಅದರಲ್ಲಿ ಸ್ವಲ್ಪವನ್ನು ಒಣ ಮಣ್ಣಿಗೆ ಬಿಡುತ್ತವೆ. ಪಕ್ಕದ ಹುಲ್ಲು ಆ ನೀರು ಹೀರಿಕೊಳ್ಳುತ್ತದೆ. 1980ರ ದಶಕದಲ್ಲಿ ವಿಜ್ಞಾನಿಗಳು ಇದನ್ನು ಅಳೆದು ತೋರಿಸಿದರು. ನೆರೆಯ ಗಿಡಕ್ಕೆ ನೀರುಣಿಸುವ ಗಿಡ! ನನಗಂತೂ ಇದು ಈಗಲೂ ಬೆರಗು.

ಇಷ್ಟೆಲ್ಲ ಇದ್ದೂ, ಗಿಡ ನೆಡುವಾಗ ನಾವು ಮೊದಲು ಮಾಡುವ ಕೆಲಸ ಪೊದೆ ಕಿತ್ತು ಜಾಗ ಚೊಕ್ಕ ಮಾಡುವುದು, ಅಲ್ವಾ? ದಕ್ಷಿಣ ಸ್ಪೇನಿನ ಸಿಯೆರಾ ನೆವಾಡಾ ಬೆಟ್ಟಗಳಲ್ಲೂ ಹೀಗೇ ಮಾಡುತ್ತಿದ್ದರು. ಆಮೇಲೆ ಸಂಶೋಧಕರು ಪೊದೆ ಉಳಿಸಿಕೊಂಡು ಅದರ ನೆರಳಲ್ಲೇ ಪೈನ್ ಸಸಿ ನೆಟ್ಟರು. ಬಯಲಲ್ಲಿ ನೆಟ್ಟವಕ್ಕಿಂತ ಇವು ಹೆಚ್ಚು ಬದುಕಿದವು. ಎಲ್ಲ ಪೊದೆಯೂ ಹೀಗೆ ಆಸರೆ ಕೊಡುವುದಿಲ್ಲ. ಅಲ್ಲಿನ ಸಿಸ್ಟಸ್ ಪೊದೆಗಳ ಅಡಿ ಸಸಿಗಳಿಗೆ ಅಂಥ ಲಾಭ ಸಿಗಲಿಲ್ಲ. ಆದ್ದರಿಂದ ನೆಡುವ ಮೊದಲು ಇಳಿಜಾರಿನಲ್ಲಿ ಓಡಾಡಿ, ಯಾವ ಪೊದೆಯ ಅಡಿ ಸಸಿಗಳು ತಾವಾಗಿಯೇ ಎದ್ದಿವೆ ಎಂದು ನೋಡಿಕೊಳ್ಳಿ. ನಿಮ್ಮ ಸಸಿಯನ್ನೂ ಅಲ್ಲೇ ನೆಡಿ.

ನಮಸ್ಕಾರ.