ಬಳ್ಳಾರಿ ಬಿಸಿಲಲ್ಲಿ ಓಟದ ಲೆಕ್ಕ

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ಐದಕ್ಕೇ ಎದ್ದು ಓಡಿ ಬಂದಿದ್ದೀರಿ. ಮಧ್ಯೆ ತೂಕಡಿಸಿದರೆ ನನಗೇನೂ ಬೇಜಾರಿಲ್ಲ.

ಮೊದಲು ನನ್ನ ಪೆದ್ದುತನ ಹೇಳಿಬಿಡುತ್ತೇನೆ. ಒಂದು ಜನವರಿ ಬೆಳಿಗ್ಗೆ ಕೋಟೆ ಗುಡ್ಡದ ಹತ್ತಿರ ನಿಧಾನಕ್ಕೆ ಓಡುತ್ತಿದ್ದೆ. ವಾಚ್ ನೋಡಿದರೆ ಎದೆಬಡಿತ 168! ಗಾಬರಿಯಾಯಿತು. ಆದರೆ ಉಸಿರು ಆರಾಮಾಗಿತ್ತು, ಪಕ್ಕದವರ ಜೊತೆ ಹರಟೆಯೂ ನಡೆದಿತ್ತು. ನಿಂತು, ಕುತ್ತಿಗೆಗೆ ಎರಡು ಬೆರಳಿಟ್ಟು 10 ಸೆಕೆಂಡ್ ಎಣಿಸಿದೆ. 23 ಬಂತು. ಅಂದರೆ ನಿಮಿಷಕ್ಕೆ 138. ಹಾಗಾದರೆ 168 ಯಾರದು? ನನ್ನ ಕಾಲಿನದು! ನಿಮಿಷಕ್ಕೆ ನಾನು ಹಾಕುತ್ತಿದ್ದ ಹೆಜ್ಜೆ ಅಷ್ಟು. ವಾಚ್ ಚರ್ಮದ ಮೇಲೆ ಹಸಿರು ಬೆಳಕು ಬಿಟ್ಟು ರಕ್ತದ ಏರಿಳಿತ ನೋಡುತ್ತದೆ. ಬೆಲ್ಟ್ ಸಡಿಲ ಇದ್ದರೆ, ಚಳಿಗೆ ಕೈ ತಣ್ಣಗಾಗಿದ್ದರೆ, ಕೈ ಬೀಸುವ ಲಯವನ್ನೇ ನಾಡಿ ಅಂದುಕೊಂಡುಬಿಡುತ್ತದೆ. ಎದೆಗೆ ಕಟ್ಟುವ ಬೆಲ್ಟಿನಲ್ಲಿ ಈ ಕಾಟ ಕಡಿಮೆ.

ಅಂಕಿ ನಂಬುವಂತಿದ್ದರೆ ಮುಂದಿನ ಮಾತು. ಎಲ್ಲರೂ ಸರಾಸರಿ ನೋಡುತ್ತಾರೆ. ನಾನು ಓಟವನ್ನು ನಡುವೆ ಕತ್ತರಿಸಿ ನೋಡುತ್ತೇನೆ. ನನ್ನದೇ 12 ಕಿ.ಮೀ. ಓಟ ತಗೊಳ್ಳಿ, ಕಿಲೋಮೀಟರಿಗೆ ಆರೂವರೆ ನಿಮಿಷ. ಜನವರಿಯಲ್ಲಿ ಮೊದಲರ್ಧ ಬಡಿತ 140, ಎರಡನೇ ಅರ್ಧ 144. ಮೇ ತಿಂಗಳಲ್ಲಿ ಅದೇ ದಾರಿ, ಅದೇ ವೇಗ: 148, ಆಮೇಲೆ 163. ವೇಗ ಮಾತ್ರ ನೋಡಿದ್ದರೆ ಎರಡೂ ಒಂದೇ ಓಟ, ಅಲ್ವಾ?

ಬೆವರು ಹರಿದಂತೆ ರಕ್ತದಲ್ಲಿನ ನೀರು ಇಳಿಯುತ್ತದೆ. ಮೈ ತಂಪಾಗಿಸಲು ಒಂದಷ್ಟು ರಕ್ತ ಚರ್ಮದ ಕಡೆ ಹೋಗುತ್ತದೆ. ಹೃದಯಕ್ಕೆ ಒಂದೊಂದು ಬಡಿತಕ್ಕೂ ಕಡಿಮೆ ರಕ್ತ ಸಿಗುತ್ತದೆ, ಹಾಗಾಗಿ ಬಡಿತ ಜಾಸ್ತಿ ಮಾಡುತ್ತದೆ. ತಂಪು ಹೊತ್ತಿನಲ್ಲಿ ಈ ಏರಿಕೆ ಶೇಕಡ 5ರೊಳಗಿದ್ದರೆ ತಳಪಾಯ ಗಟ್ಟಿ ಇದೆ ಅಂತ ಕೋಚ್‌ಗಳು ಸಾಮಾನ್ಯವಾಗಿ ಹೇಳುತ್ತಾರೆ. ನನ್ನ ಮೇ ಓಟದ್ದು ಶೇಕಡ 10. ಅದನ್ನು ನೋಡಿ ಫಿಟ್‌ನೆಸ್ ಹೋಯ್ತು ಅಂತ ಇನ್ನೂ ಜೋರಾಗಿ ಓಡಿದೆ. ತಪ್ಪು ಅದೇ. ಮೇ ತಿಂಗಳನ್ನು ಹಿಂದಿನ ಮೇ ಜೊತೆ ಹೋಲಿಸಬೇಕಿತ್ತು. ಈಗ ಬೇಸಿಗೆಯಲ್ಲಿ ಬಡಿತ 145 ದಾಟದಂತೆ ಓಡುತ್ತೇನೆ, ವೇಗ ಎಷ್ಟು ಬರುತ್ತೋ ಬರಲಿ.

ಸೈಕಲ್ಲಿನವರು ಗಾಳಿ ಮರೆಯಬೇಡಿ. ಆಷಾಢದಲ್ಲಿ ತೋರಣಗಲ್ಲಿನ ಕಡೆ ಹೊರಟರೆ ಗಾಳಿ ಎದುರಿಗೇ. 30 ಕಿ.ಮೀ. ಹೋಗುವಾಗ ಗಂಟೆಗೆ 20, ಬರುವಾಗ 30 ಅಂತಿಟ್ಟುಕೊಳ್ಳಿ. ಸರಾಸರಿ 25 ಅಲ್ಲ, 24. ಕಷ್ಟದ ದಾರಿಯಲ್ಲೇ ಜಾಸ್ತಿ ಹೊತ್ತು ಇದ್ದಿರಿ, ಅದಕ್ಕೆ. ಪೆಡಲಿನ ಶಕ್ತಿ ಅಳೆಯುವ ಪವರ್ ಮೀಟರ್ ಇದ್ದರೆ ವ್ಯಾಟ್ ನೋಡಿ. ಇಲ್ಲದಿದ್ದರೆ ಆ ದಿನದ ಗಾಳಿ ಹೇಗಿತ್ತು ಅಂತ ಒಂದು ಸಾಲು ಬರೆದಿಡಿ. ಕ್ಯಾಲೊರಿ ಅಂಕಿ ಬರೀ ಅಂದಾಜು. ಅದನ್ನು ನಂಬಿ ಎರಡನೇ ಪ್ಲೇಟ್ ಒಗ್ಗಾಣಿ ಮಿರ್ಚಿ ಹೇಳುವವರು ನನಗೆ ಗೊತ್ತು, ಹೆಸರು ಹೇಳಲ್ಲ.

ಸರಿ, ಮೊಬೈಲ್ ತೆಗೆಯಿರಿ. ಹೋದ ಮೇ ತಿಂಗಳ ಒಂದು ಉದ್ದ ಓಟ ಹುಡುಕಿ. ಪಕ್ಕದವರದ್ದು ಬೇಡ, ನಿಮ್ಮದೇ. ಸಿಕ್ಕಿತಾ? ಎರಡನೇ ಅರ್ಧದ ಬಡಿತ ಎಷ್ಟು, ಒಬ್ಬೊಬ್ಬರಾಗಿ ಹೇಳಿ, ಬೋರ್ಡ್ ಮೇಲೆ ಬರೆಯುತ್ತೇನೆ.